ಕಪ್ ಒಡೆದರೆ ಸೆಟ್ ಕೆಡಬಾರದು

ನಮ್ಮ ಕಡೆ ಒಳ್ಳೆಯ ಪಿಂಗಾಣಿ ಇರುವುದು ಷೋಕೇಸಿನಲ್ಲಿ. ನೆಂಟರು ಬಂದಾಗ ಮಾತ್ರ ಹೊರಗೆ ಬರುತ್ತದೆ. ಒಂದು ಕಪ್ ಒಡೆದರೆ ಇಡೀ ಸೆಟ್ಟೇ ಹಾಳಾದ ಹಾಗೆ. ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿಯಲ್ಲಿ ನೆಲೆಸಿದ ಮೇಲೆ ನನಗೆ ತುಂಬಾ ಹಿಡಿಸಿದ್ದು ಇದಕ್ಕೆ ಇಲ್ಲಿಯವರು ಕಂಡುಕೊಂಡ ದಾರಿ.

ಅರೇಬಿಯಾ ಎಂಬ ಪಿಂಗಾಣಿ ಕಾರ್ಖಾನೆಗಾಗಿ ಕಾಯ್ ಫ್ರಾಂಕ್ ವಿನ್ಯಾಸ ಮಾಡಿದ 'ಕಿಲ್ತಾ' ಪಾತ್ರೆಗಳು 1953ರಲ್ಲಿ ಮಾರಾಟಕ್ಕೆ ಬಂದವು. ಎರಡನೇ ಮಹಾಯುದ್ಧದಲ್ಲಿ ಫಿನ್ಲೆಂಡ್ ಕಳೆದುಕೊಂಡ ಪ್ರದೇಶದಿಂದ 4 ಲಕ್ಷಕ್ಕೂ ಹೆಚ್ಚು ಜನ ಬಂದು ಹೊಸದಾಗಿ ಬದುಕು ಕಟ್ಟಿಕೊಳ್ಳುತ್ತಿದ್ದ ಕಾಲ ಅದು. ಮನೆಗಳು ಚಿಕ್ಕವು. ದೊಡ್ಡ ಊಟದ ಸೆಟ್ ಇಡುವುದೆಲ್ಲಿ? ಫ್ರಾಂಕ್ ಸೆಟ್ಟನ್ನೇ ಕೈಬಿಟ್ಟರು. ಒಂದೊಂದನ್ನೂ ಬಿಡಿಯಾಗಿ ಕೊಳ್ಳಬಹುದು. ಹೂವಿಲ್ಲ, ಬಳ್ಳಿಯಿಲ್ಲ. ದುಂಡು, ಚೌಕ, ಆಯತ, ಇಷ್ಟೇ. ಹಳದಿ ಬಣ್ಣದ ಕಪ್‌ನ ಕೆಳಗೆ ಬಿಳಿ ಸಾಸರ್ ಇಟ್ಟರೂ ಜೋಡಿ ತಪ್ಪಿದಂತೆ ಕಾಣುವುದಿಲ್ಲ. 1970ರ ದಶಕದಲ್ಲಿ ತಯಾರಿಕೆ ನಿಂತಿತ್ತು. 1981ರಲ್ಲಿ ಅದನ್ನೇ ತಿದ್ದಿ 'ತೇಮಾ' ಎಂದು ತಂದರು. ಈಗಲೂ ಸಿಗುತ್ತದೆ. ನಮ್ಮ ಮನೆಯ ಸಾರನ್ನ ದಿನಾ ಅದರ ಬಟ್ಟಲಿನಲ್ಲೇ.

ಯೋಚಿಸಿ ನೋಡಿದರೆ ಸ್ಟೀಲ್ ಪಾತ್ರೆ ವಿಷಯದಲ್ಲಿ ನಾವು ಮಾಡುವುದೂ ಇದನ್ನೇ ಅಲ್ವಾ? ಬೇಕಾದಷ್ಟು ಕೊಳ್ಳುತ್ತೇವೆ, ಒಂದರ ಮೇಲೊಂದು ಪೇರಿಸುತ್ತೇವೆ, ದಿನವೂ ಬಳಸುತ್ತೇವೆ. ಪಿಂಗಾಣಿ ಅಂದ ಕೂಡಲೇ ಯಾಕೋ ಭಯ.

ಇಲ್ಲಿಯ ವಾಸ್ತುಶಿಲ್ಪಿ ಆಲ್ವಾರ್ ಆಲ್ಟೊ ಅವರ ಮೂರು ಕಾಲಿನ ಸ್ಟೂಲ್ ಇನ್ನೂ ಹಳೆಯದು, 1933ರದ್ದು. ಅದನ್ನು ತಲೆಕೆಳಗು ಮಾಡಿ ನೋಡಬೇಕು. ಬರ್ಚ್ ಮರದ ಕಾಲು ಮೇಲ್ತುದಿಯಲ್ಲಿ ಬಾಗಿ, ಕೂರುವ ಹಲಗೆಯ ಅಡಿಗೆ ಸೇರುತ್ತದೆ. ಬಾಗುವ ಜಾಗದಲ್ಲಿ ಮಾತ್ರ ಮರವನ್ನು ಗರಗಸದಿಂದ ಸೀಳಿ, ಸೀಳುಗಳೊಳಗೆ ತೆಳುವಾದ ಮರದ ಪದರಗಳನ್ನು ಅಂಟಿಸಿ ಬಗ್ಗಿಸಿದ್ದಾರೆ. ಪಕ್ಕದಿಂದ ನೋಡಿದರೆ ಆ ಗೆರೆಗಳು ಹಾಗೇ ಕಾಣುತ್ತವೆ, ಏನನ್ನೂ ಮುಚ್ಚಿಟ್ಟಿಲ್ಲ. ನನಗೆ ಅದೇ ಅದರ ಅಂದ. ಹೊಸದಕ್ಕೆ ಬೆಲೆ ಜಾಸ್ತಿ, ನಿಜ. ಆದರೆ ಗೀರು ಬಿದ್ದ ಹಳೆಯವನ್ನೂ ಇಲ್ಲಿ ಯಾರೂ ಸುಮ್ನೆ ಎಸೆಯುವುದಿಲ್ಲ. ಅವನ್ನು ತಯಾರಿಸುವ ಆರ್ಟೆಕ್ ಕಂಪನಿಯೇ ಕೊಂಡು ಮತ್ತೆ ಮಾರುತ್ತದೆ.

ನಮ್ಮ ಬೆತ್ತದ ಆರಾಮ ಕುರ್ಚಿಯೂ ಇದೇ ಜಾತಿಯದು. ಬೆತ್ತ ಹರಿದರೆ ಹೊಸದಾಗಿ ಹೆಣೆಸಬಹುದು, ಚೌಕಟ್ಟು ಮೊಮ್ಮಕ್ಕಳ ಕಾಲಕ್ಕೂ ಗಟ್ಟಿ. ಅದನ್ನು ಅಟ್ಟಕ್ಕೆ ಹಾಕಿ, ಬಾಗಿಲಲ್ಲಿ ಹಿಡಿಸದಷ್ಟು ದೊಡ್ಡ ಸೋಫಾ ತರುತ್ತೇವೆ. ರೆಡ್ ಆಕ್ಸೈಡ್ ನೆಲದ ಗತಿ ಇನ್ನೂ ಕೆಟ್ಟದು. ಬೇಸಿಗೆಯಲ್ಲಿ ತಂಪು, ಒರೆಸಿದಷ್ಟೂ ಹೊಳಪು. ಅಂಥದ್ದನ್ನು ಒಡೆಸಿ ಟೈಲ್ಸ್ ಹಾಕಿಸುವುದನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ. ಹಳೆಯ ಮನೆ ರಿಪೇರಿ ಮಾಡಿಸುವವರು ದಯವಿಟ್ಟು ಬಿರುಕು ಬಿಟ್ಟ ಕಡೆಯಷ್ಟೇ ಸರಿ ಮಾಡಿಸಿ. ಆ ಕೆಲಸ ಗೊತ್ತಿರುವ ಗಾರೆಯವರು ಈಗಲೂ ಇದ್ದಾರೆ, ಸ್ವಲ್ಪ ಹುಡುಕಬೇಕು.