ಕೇಬಲ್ ಹೋದರೂ ತಂತಿ ಹೋಗಲ್ಲ

ಇಂಟರ್ನೆಟ್‌ನಲ್ಲಿ ನೋಡುವ ಸ್ಟ್ರೀಮಿಂಗ್ ಬಂದ ಮೇಲೆ ಕೇಬಲ್ ಟಿವಿ ಆಟ ಮುಗಿಯಿತು, ಸ್ಟ್ರೀಮಿಂಗ್‌ನಲ್ಲಿ ಜಾಹೀರಾತಿನ ಕಾಟವೂ ಇಲ್ಲ ಎಂದು ಲೇಖನವೊಂದು ಹೇಳುತ್ತದೆ. ಚಾನೆಲ್‌ಗಳ ಮಟ್ಟಿಗೆ ಒಪ್ಪುತ್ತೇನೆ. ಅಮೆರಿಕದಲ್ಲಿ 2022ರ ಜುಲೈನಲ್ಲೇ ಜನ ಕೇಬಲ್‌ಗಿಂತ ಸ್ಟ್ರೀಮಿಂಗ್ ಜಾಸ್ತಿ ನೋಡಿದರು ಎಂದು ಟಿವಿ ವೀಕ್ಷಣೆ ಅಳೆಯುವ ನೀಲ್ಸನ್ ಸಂಸ್ಥೆ ಲೆಕ್ಕ ಕೊಟ್ಟಿತ್ತು. ಆದರೆ ತಂತಿ ಎಲ್ಲಿಗೆ ಹೋಗುತ್ತೆ? ಎಷ್ಟೋ ಮನೆಗಳಿಗೆ ಇಂಟರ್ನೆಟ್ ಬರುವುದೂ ಅದರಲ್ಲೇ ಅಲ್ವಾ!

ಲೈವ್ ಕ್ರೀಡೆಯ ಮಾತೇ ಬೇರೆ. ಕೇಬಲ್‌ನಲ್ಲಿ ಒಂದೇ ಸಿಗ್ನಲ್ ಎಲ್ಲರಿಗೂ ಹೋಗುತ್ತದೆ. ನೋಡುವವರು ಎಷ್ಟೇ ಹೆಚ್ಚಾದರೂ ಹೊರೆ ಅಷ್ಟೇ ಇರುತ್ತದೆ. ಸ್ಟ್ರೀಮಿಂಗ್‌ನಲ್ಲಿ ಸಾಮಾನ್ಯವಾಗಿ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಕಳಿಸಬೇಕು. ದೊಡ್ಡ ಪಂದ್ಯದ ದಿನ ಚಿತ್ರ ನಿಂತು ನಿಂತು ಬರುವುದಕ್ಕೆ ಇದೂ ಒಂದು ಕಾರಣ. ಸುದ್ದಿ, ಕ್ರೀಡೆ ಇರುವವರೆಗೆ ಕೇಬಲ್ ಕುಂಟುತ್ತಾ ನಡೆಯುತ್ತದೆ ಅನ್ನಿಸುತ್ತದೆ.

ಸ್ಟ್ರೀಮಿಂಗ್‌ನಲ್ಲಿ ಜಾಹೀರಾತಿನ ಕಾಟ ಇಲ್ಲ ಅನ್ನುವುದು ಮಾತ್ರ ಸುಮ್ನೆ. ನೆಟ್‌ಫ್ಲಿಕ್ಸೇ 2022ರ ನವೆಂಬರ್‌ನಲ್ಲಿ ಜಾಹೀರಾತಿನ ಪ್ಲಾನ್ ತಂದಿತಲ್ಲ!