ಆ ಐಪಿಎಲ್ ಅಲ್ಲ ಕಾಕಾ, ಈ ಐಪಿಎಲ್

ಗೇಮ್‌ಕ್ಯೂಬ್ ಎಂಬ ನಿಂಟೆಂಡೊ ಕಂಪನಿಯ ವಿಡಿಯೋ ಗೇಮ್ ಪೆಟ್ಟಿಗೆ ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳದ ಮನೆಗಳಿಗೆ ಬರುವುದು ಹೆಚ್ಚಾಗಿ ಅಮೆರಿಕದ ಅಳಿಯನ ಸೂಟ್‌ಕೇಸಿನಲ್ಲಿ. ಚಾಕಲೇಟು, ಬಾದಾಮಿ, ಮಂಡಿನೋವಿನ ಮುಲಾಮುಗಳ ನಡುವೆ ಎರಡು ಟವೆಲ್ ಸುತ್ತಿಕೊಂಡು ಬರುತ್ತದೆ. 2001ರ ಯಂತ್ರ. ಹಿಂದೆ ಹಿಡಿಕೆ ಬೇರೆ ಇದೆ, ಹಾಗಾಗಿ ಹಿರಿಯರ ಕಣ್ಣಿಗೆ ಅದು ಊಟದ ಡಬ್ಬಿ. ಮುಚ್ಚಳ ತೆರೆದರೆ ಎಂಟು ಸೆಂಟಿಮೀಟರಿನ ಸಣ್ಣ ಡಿಸ್ಕ್ ಕೂರುವಷ್ಟೇ ಜಾಗ. "ಇದರಾಗ ಒಂದು ರೊಟ್ಟಿ ಸೈತ ಹಿಡಿಯಂಗಿಲ್ಲಲೋ" ಎಂದು ಅವ್ವ ಅದನ್ನು ಅಲ್ಲೇ ಕೈಬಿಡುತ್ತಾಳೆ.

ಇದರ ಹೊಟ್ಟೆಯಡಿ ಸಿಕ್ಕಿಸುವ ಮಣೆಯಂಥ ಭಾಗವೇ ಗೇಮ್ ಬಾಯ್ ಪ್ಲೇಯರ್. 2003ರಲ್ಲಿ ಬಂತು. ಗೇಮ್ ಬಾಯ್, ಗೇಮ್ ಬಾಯ್ ಕಲರ್, ಗೇಮ್ ಬಾಯ್ ಅಡ್ವಾನ್ಸ್ ಎಂಬ ಕೈಯಲ್ಲಿ ಹಿಡಿದು ಆಡುವ ಮೂರು ಯಂತ್ರಗಳ, ಆಟ ತುಂಬಿದ ಕಾರ್ಟ್ರಿಜ್‌ಗಳನ್ನೂ ಟಿವಿಯಲ್ಲಿ ಆಡಿಸುತ್ತದೆ. ಒಳಗಿರುವುದು ಗೇಮ್ ಬಾಯ್ ಅಡ್ವಾನ್ಸ್‌ನ ಅಸಲಿ ಚಿಪ್ಪು, ಸಾಫ್ಟ್‌ವೇರಿನ ನಕಲಲ್ಲ. ಆದರೆ ಅದು ಏಳಬೇಕಾದರೆ ಜೊತೆಗೆ ಬಂದ ಡಿಸ್ಕ್ ಬೇಕು, ಆ ಡಿಸ್ಕ್ ಮಾತ್ರ ಯಾರ ಮನೆಯಲ್ಲೂ ಉಳಿದಿರುವುದಿಲ್ಲ. ಡಿಸ್ಕ್ ಇಲ್ಲದ ಪ್ಲೇಯರ್ ಸೆಕೆಂಡ್‌ಹ್ಯಾಂಡಿನಲ್ಲಿ ಅಗ್ಗಕ್ಕೆ ಸಿಗುತ್ತದೆ, ಬರೀ ಡಿಸ್ಕಿಗೆ ಚಿನ್ನದ ರೇಟು ಹೇಳುತ್ತಾರೆ. ಹಟ್ಟಿ ಗಣಿಯ ಪಕ್ಕದವರಿಗೂ ಆ ರೇಟು ದುಬಾರಿಯೇ.

ಆ ಡಿಸ್ಕಿನ ಜಾಗಕ್ಕೆ ಹವ್ಯಾಸಿಗಳು ಬರೆದ ಸಾಫ್ಟ್‌ವೇರೇ ಗೇಮ್ ಬಾಯ್ ಇಂಟರ್‌ಫೇಸ್. ಡಿಸ್ಕ್ ಸಿಕ್ಕಿದವರೂ ಇದನ್ನೇ ಹಾಕಿಕೊಳ್ಳುವುದು ಜಾಣತನ. ಅಸಲಿ ಡಿಸ್ಕ್ ಚಿತ್ರವನ್ನು ಹಿಗ್ಗಿಸುವಾಗ ಮಬ್ಬು ಮಾಡುತ್ತದೆ, ಬಟನ್ ಒತ್ತಿದ್ದನ್ನು ತಡವಾಗಿ ಕೇಳಿಸಿಕೊಳ್ಳುತ್ತದೆ. ಗೇಮ್ ಬಾಯ್ ಅಡ್ವಾನ್ಸ್ ಪರದೆ 240ಕ್ಕೆ 160 ಚುಕ್ಕೆ. ಮೂರು ಪಟ್ಟು ಮಾಡಿದರೆ 720ಕ್ಕೆ 480, ಹಳೆಯ ಅಮೆರಿಕನ್ ಟಿವಿ ಲೆಕ್ಕಕ್ಕೆ ಅಳತೆ ಕೊಟ್ಟು ಹೊಲಿಸಿದಂತೆ ಕೂರುತ್ತದೆ. ವೇಗದ ಲೆಕ್ಕ ಅಷ್ಟು ನೇರವಿಲ್ಲ. ಆ ಚಿಪ್ಪು ಸೆಕೆಂಡಿಗೆ 59.73 ಚಿತ್ರ ಬಿಡಿಸಿದರೆ ಟಿವಿ ಕೇಳುವುದು 59.94. ಎರಡನ್ನೂ ಹೊಂದಿಸದೆ ಬಿಟ್ಟರೆ ಐದು ಸೆಕೆಂಡಿಗೊಮ್ಮೆ ಒಂದು ಚಿತ್ರ ಎರಡು ಸಲ ಬರುತ್ತದೆ, ಓಡುವ ಹೀರೊ ಸಣ್ಣಗೆ ಬಿಕ್ಕಳಿಸುತ್ತಾನೆ. ಇಂಟರ್‌ಫೇಸಿನಲ್ಲಿ ಎಲ್ಲ ಸೆಟ್ಟಿಂಗುಗಳಿರುವ ಸಾಮಾನ್ಯ ಆವೃತ್ತಿ, ತಡ ಕಡಿಮೆ ಮಾಡುವ ಆವೃತ್ತಿ, ಗಡಿಯಾರ ಹಿಡಿದು ಆಡುವವರ ಆವೃತ್ತಿ ಎಂದು ಬೇರೆ ಬೇರೆ ಇವೆ. ಮೊದಲ ಸಲಕ್ಕೆ ಸಾಮಾನ್ಯದ್ದೇ ಸಾಕು.

ಸಾಫ್ಟ್‌ವೇರ್ ಒಂದೇ ಒಂದು ಫೈಲ್, ಅದು ತನ್ನ ಪಾಡಿಗೆ ಕೆಲಸ ಮಾಡುತ್ತದೆ. ಕೆಡುವುದೆಲ್ಲ ಅದರ ಆಚೀಚೆ.

ಮೊದಲ ಅನಾಹುತ ಗೋಡೆಯಲ್ಲಿದೆ. ಅಮೆರಿಕದ ಅಡಾಪ್ಟರಿನ ಬೆನ್ನ ಮೇಲೆ ಸಾಸಿವೆಯಷ್ಟು ಅಕ್ಷರದಲ್ಲಿ 120 ವೋಲ್ಟ್ ಎಂದು ಬರೆದಿರುತ್ತದೆ, ಜಪಾನಿನದಾದರೆ 100. ನಮ್ಮ ಗೋಡೆಯಲ್ಲಿರುವುದು 230. ನಮ್ಮ ಎಕ್ಸ್‌ಟೆನ್ಷನ್ ಬಾಕ್ಸ್‌ಗಳು ಯಾವ ದೇಶದ ಪಿನ್ನನ್ನಾದರೂ ನುಂಗುತ್ತವೆ, ಪಾಸ್‌ಪೋರ್ಟ್ ಕೇಳುವುದಿಲ್ಲ. ಸ್ವಿಚ್ ಹಾಕಿದೊಡನೆ 'ಟಪ್', ಆಮೇಲೆ ಮೀನು ಸುಟ್ಟ ವಾಸನೆ, ಶ್ರಾವಣದಲ್ಲಾದರೆ ಅದಕ್ಕೊಂದು ಬೇರೆ ವಿಚಾರಣೆ. ಸಾಮಾನ್ಯವಾಗಿ ಸಾಯುವುದು ಅಡಾಪ್ಟರ್ ಮಾತ್ರ, ಪೆಟ್ಟಿಗೆ ಬದುಕಿರುತ್ತದೆ.

ಬೇಕಾದದ್ದು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್. ಅಂಗಡಿಯಲ್ಲಿ ಹೀಗೆಂದು ಬಿಡಿಸಿ ಹೇಳಿ, ಇಲ್ಲದಿದ್ದರೆ ಫ್ರಿಜ್ಜಿನ ಸ್ಟೆಬಿಲೈಜರ್ ಕಟ್ಟಿ ಕೊಡುತ್ತಾರೆ. ಅದು 230ನ್ನು ಬಹಳ ಶ್ರದ್ಧೆಯಿಂದ 230ರಲ್ಲೇ ನಿಲ್ಲಿಸಿ ನಿಮ್ಮ ಎರಡನೇ ಅಡಾಪ್ಟರನ್ನೂ ಸುಡುತ್ತದೆ. ಗೇಮ್‌ಕ್ಯೂಬಿಗೆ ಬೇಕಾಗುವುದು 12 ವೋಲ್ಟ್, 3.25 ಆಂಪಿಯರ್, ಅಂದರೆ 39 ವಾಟ್. 100 ವಿಎ ಟ್ರಾನ್ಸ್‌ಫಾರ್ಮರ್ ಧಾರಾಳವಾಯಿತು. ಶಕ್ತಿನಗರದಲ್ಲಿ 1720 ಮೆಗಾವಾಟಿನ ಸ್ಥಾವರ, ಕುಡುತಿನಿಯಲ್ಲಿ 1700 ಮೆಗಾವಾಟಿನದು. ಎರಡರ ನಡುವೆ ಕೂತು 39 ವಾಟಿಗೆ ಪರದಾಡುವುದು ನಮ್ಮ ಹಣೆಬರಹ.

ಇನ್ನು ಸ್ಕ್ರೂ. ಪ್ಲೇಯರ್ ಜೋಡಿಸಲು ಪೆಟ್ಟಿಗೆ ಬಿಚ್ಚಬೇಕಿಲ್ಲ. ಅಡಿಯಲ್ಲಿ ಹೈ-ಸ್ಪೀಡ್ ಪೋರ್ಟಿನ ಮುಚ್ಚಳ ತೆಗೆದು, ಮಣೆಯ ಮೇಲೆ ಕೂರಿಸಿ, ಪ್ಲೇಯರಿನದೇ ಎರಡು ಸ್ಕ್ರೂ ತಿರುಗಿಸಿದರೆ ಮುಗಿಯಿತು. (ಅದೇ ಕಂಪನಿಯ ಮುಂದಿನ ಯಂತ್ರ ವೀ ಇರುವವರು ಇಲ್ಲಿಗೇ ನಿಲ್ಲಬಹುದು, ಅದರಲ್ಲಿ ಈ ಪೋರ್ಟೇ ಇಲ್ಲ.) ಆದರೆ ಡಿಸ್ಕಿಲ್ಲದೆ ಹವ್ಯಾಸಿ ಸಾಫ್ಟ್‌ವೇರ್ ಏಳಿಸಲು ಒಳಗೊಂದು ರಾಸ್ಪ್‌ಬೆರಿ ಪೈ ಪಿಕೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್ ಬೆಸುಗೆ ಹಾಕುವುದು ಒಂದು ದಾರಿ. ಆಗ ಬಿಚ್ಚಲೇಬೇಕು, ಅಡಿಯ ನಾಲ್ಕು ಆಳದ ತೂತುಗಳಲ್ಲಿ 4.5 ಮಿಲಿಮೀಟರಿನ ಗೇಮ್‌ಬಿಟ್ ಸ್ಕ್ರೂಗಳು ಕಾದಿರುತ್ತವೆ. ಊರಿನ ಯಾವ ಸ್ಕ್ರೂಡ್ರೈವರೂ ಅದಕ್ಕೆ ಹೊಂದುವುದಿಲ್ಲ.

ಹಾಗಾಗಿ ಬಾಲ್‌ಪೆನ್ ವಿದ್ಯೆ. ಪೆನ್ನಿನ ಹಿಂಬದಿಯನ್ನು ಮೇಣದಬತ್ತಿಯ ಮೇಲೆ ಮೆತ್ತಗಾಗುವಷ್ಟೇ ಕಾಯಿಸಿ, ತೂತಿಗೆ ನೆಟ್ಟಗೆ ಇಳಿಸಿ, ಸ್ಕ್ರೂ ತಲೆಯ ಮೇಲೆ ಒತ್ತಿ ಹಿಡಿದು, ಪೂರ್ತಿ ಆರಿದ ಮೇಲೆ ನಿಧಾನ ತಿರುಗಿಸುವುದು. ಹೇಳುವಾಗ ಸಲೀಸು. ಹೆಚ್ಚು ಕಾಯಿಸಿದರೆ ಪ್ಲಾಸ್ಟಿಕ್ ತೂತಿನ ಗೋಡೆಗೆ ಅಂಟುತ್ತದೆ. ಆರುವ ಮೊದಲೇ ತಿರುಗಿಸಿದರೆ ಅಚ್ಚು ಕೆಡುತ್ತದೆ. ಮೇ ತಿಂಗಳ ರಾಯಚೂರಿನಲ್ಲಿ ಆರುವುದೇ ಇಲ್ಲ. ಮೂರು ಸ್ಕ್ರೂ ಬಂದು ನಾಲ್ಕನೆಯದರಲ್ಲಿ ಪೆನ್ನು ಮುರಿದು ಒಳಗೇ ಉಳಿಯುವುದು ವಾಡಿಕೆ. ನನ್ನ ಮಾತು ಕೇಳುವುದಾದರೆ ಗೇಮ್‌ಬಿಟ್ ಸ್ಕ್ರೂಡ್ರೈವರ್ ತರಿಸಿಕೊಳ್ಳಿ, ಪೆನ್ನಿನಲ್ಲಿ ಬರೆಯಿರಿ.

ಪಿಕೋಗೆ ಎಳೆಯಬೇಕಾದ ತಂತಿ ಐದೇ, ಎಷ್ಟು ಗಿಡ್ಡವಾದರೆ ಅಷ್ಟು ಒಳ್ಳೆಯದು. ಆಮೇಲೆ ಬೇಕಾದೀತೆಂದು ಉದ್ದ ಬಿಟ್ಟರೆ ಸಂಕೇತ ದಾರಿಯಲ್ಲೇ ಕೆಡುತ್ತದೆ, ಪರದೆ ಕಪ್ಪಾಗೇ ಕೂರುತ್ತದೆ. ಬೆಸುಗೆಗೆ ಮೊದಲೇ ಅದಕ್ಕೆ ಪ್ರೋಗ್ರಾಂ ತುಂಬಿ. ಬೂಟ್‌ಸೆಲ್ ಬಟನ್ ಒತ್ತಿ ಹಿಡಿದು ಯುಎಸ್‌ಬಿ ಚುಚ್ಚಿದರೆ ಕಂಪ್ಯೂಟರಿನಲ್ಲಿ ಪೆನ್‌ಡ್ರೈವ್‌ನಂತೆ ಕಾಣುತ್ತದೆ, ಫೈಲ್ ಎಳೆದು ಹಾಕಿದ ಕೂಡಲೇ ತಾನಾಗಿ ಮಾಯವಾಗುತ್ತದೆ. "ಅಯ್ಯೋ, ಹೋತಲೇ!" ಎಂದು ಮತ್ತೆ ಮತ್ತೆ ತುಂಬುವವರುಂಟು. ಮಾಯವಾಯಿತೆಂದರೆ ಹೊಟ್ಟೆ ತುಂಬಿತೆಂದೇ ಅರ್ಥ.

ಈಗ ಮೆಮೊರಿ ಕಾರ್ಡ್ ಸ್ಲಾಟಿನಲ್ಲಿ ಕೂರುವ ಎಸ್‌ಡಿ ಅಡಾಪ್ಟರ್, ಅದಕ್ಕೊಂದು ಕಾರ್ಡ್. 32 ಜಿಬಿ ಅಥವಾ ಅದಕ್ಕಿಂತ ಚಿಕ್ಕದು, ಫ್ಯಾಟ್32 ಫಾರ್ಮ್ಯಾಟ್. 64 ಜಿಬಿಯ ಕಾರ್ಡ್ ಅಂಗಡಿಯಿಂದಲೇ ಎಕ್ಸ್‌ಫ್ಯಾಟ್ ಆಗಿ ಬರುತ್ತದೆ, ಹಾಗೇ ಹಾಕಿದರೆ ಬೆಲೆ ಹೆಚ್ಚು ಕೊಟ್ಟು ಕಪ್ಪು ಪರದೆ ಕೊಂಡಂತಾಗಬಹುದು. ಪಿಕೋ ಹುಡುಕುವುದು ಕಾರ್ಡಿನಲ್ಲಿ, ಯಾವ ಫೋಲ್ಡರಿನ ಒಳಗೂ ಅಲ್ಲದೆ ಹೊರಗೇ ಇರುವ ಒಂದು ಹೆಸರನ್ನು: ಐ, ಪಿ, ಎಲ್, ಚುಕ್ಕೆ, ಡಿ, ಓ, ಎಲ್. ಇಂಟರ್‌ಫೇಸಿನ ಫೈಲಿಗೆ ಈ ಹೆಸರಿಟ್ಟರೆ ಪವರ್ ಹಾಕಿದೊಡನೆ ಅದೇ ಏಳುತ್ತದೆ. ಝಡ್ ಡಾಟ್ ಡಾಲ್ ಎಂದಿಟ್ಟರೆ ಪವರ್ ಹಾಕುವಾಗ ಝಡ್ ಬಟನ್ ಒತ್ತಿ ಹಿಡಿದಾಗ ಮಾತ್ರ.

ಇಷ್ಟು ಮಾಡಿಯೂ ಏಳದಿದ್ದರೆ ಎಷ್ಟೋ ಸಲ ತಪ್ಪು ವಿಂಡೋಸ್‌ನದು. ಅದು ತನಗೆ ಗುರುತಿರುವ ಫೈಲುಗಳ ಹೆಸರಿನ ಬಾಲವನ್ನು ಮುಚ್ಚಿಡುತ್ತದೆ. ಡಾಲ್ ಅದಕ್ಕೆ ಗುರುತಿದ್ದರೆ, ನೀವು ಡಾಟ್ ಡಾಲ್ ಎಂದು ಬರೆದಿರಿ, ಬಾಲ ಮೊದಲೇ ಅಲ್ಲಿತ್ತು, ಈಗ ಹೆಸರು ಐಪಿಎಲ್ ಡಾಟ್ ಡಾಲ್ ಡಾಟ್ ಡಾಲ್. ಇಂಟರ್‌ಫೇಸಿನ ಸೆಟ್ಟಿಂಗ್ ಬರೆಯುವ ಸಿಎಲ್‌ಐ ಫೈಲಿಗೂ ಇದೇ ಗತಿ. ಅದಕ್ಕೆ ಡಾಲ್ ಫೈಲಿನದೇ ಹೆಸರು ಇರಬೇಕು, ಒಂದು ಸಾಲಿಗೆ ಒಂದೇ ಸೆಟ್ಟಿಂಗ್ ಬರೆಯಬೇಕು. ನೋಟ್‌ಪ್ಯಾಡ್ ಮಾತ್ರ ಕೊನೆಗೆ ಸದ್ದಿಲ್ಲದೆ ಡಾಟ್ ಟಿಎಕ್ಸ್‌ಟಿ ಅಂಟಿಸಿರುತ್ತದೆ. ಫೈಲ್ ಎಕ್ಸ್‌ಪ್ಲೋರರಿನ ವ್ಯೂ ಪಟ್ಟಿಯಲ್ಲಿ ಹೆಸರಿನ ಬಾಲ ತೋರಿಸು ಎಂಬುದಕ್ಕೆ ಟಿಕ್ ಹಾಕಿಟ್ಟುಕೊಂಡರೆ ಅರ್ಧ ರಾತ್ರಿ ಉಳಿಯುತ್ತದೆ.

ಹೆಸರಿನ ಇನ್ನೊಂದು ತೊಡಕು ಏಪ್ರಿಲಿನಲ್ಲಿ. "ಐಪಿಎಲ್ ಬರವಲ್ದು" ಎಂದು ಒಬ್ಬ ಗೊಣಗಿದರೆ ಸಾಕು, ಒಳಮನೆಯಿಂದ ಕಾಕಾ ಲುಂಗಿ ಬಿಗಿ ಮಾಡಿಕೊಳ್ಳುತ್ತ ಬರುತ್ತಾರೆ: "ಯಾಕ್ ಬರವಲ್ದು? ಇವತ್ತು ಆರ್‌ಸಿಬಿ ಮ್ಯಾಚ್ ಐತಿ! ರೊಕ್ಕ ಕಟ್ಟಿಲ್ಲೇನು?" ಅದು ಇನಿಷಿಯಲ್ ಪ್ರೋಗ್ರಾಂ ಲೋಡರ್ ಕಾಕಾ, ಯಂತ್ರ ಎದ್ದ ತಕ್ಷಣ ಓಡುವ ಮೊದಲ ಪ್ರೋಗ್ರಾಂ ಎಂದು ಬಿಡಿಸಿ ಹೇಳುವಷ್ಟರಲ್ಲಿ ರಿಮೋಟ್ ಅವರ ಕೈಸೇರಿರುತ್ತದೆ. ಆಮೇಲೆ ರಾತ್ರಿ ಹನ್ನೊಂದೂವರೆಗೇ ಟಿವಿ.

ಟಿವಿಯೂ ಸಾಧುವಲ್ಲ. ಹೊಸ ಎಲ್‌ಇಡಿ ಟಿವಿಗಳಲ್ಲಿ ಹಳದಿ ವೈರಿಗೆ ಹಳದಿ ತೂತು ಸಿಗುವುದು ಅಪರೂಪ. ಎಷ್ಟೋ ಸೆಟ್‌ಗಳಲ್ಲಿ ಅದು ಹಸಿರು ತೂತಿಗೆ ಹೋಗಬೇಕು. ಇನ್ನು ಕೆಲವದರಲ್ಲಿ ಇಯರ್‌ಫೋನಿನ ತೂತಿನಂಥದೊಂದೇ ಇರುತ್ತದೆ, ಅದಕ್ಕೆ ಕವಲು ವೈರು. ಕವಲು ವೈರುಗಳ ಒಳಜೋಡಣೆ ಕಂಪನಿಗೊಂದು ತರ. ಚಿತ್ರದ ಬದಲು 'ಗುಂಯ್' ಎಂದರೆ ಹಳದಿ ಪಿನ್ನನ್ನು ಕೆಂಪಿಗೆ, ಬಿಳಿಗೆ ಹಾಕಿ ನೋಡಿ, ಒಂದರಲ್ಲಿ ಚಿತ್ರ ಸಿಕ್ಕೀತು. ಚಿತ್ರ ಬಂದು ಬಣ್ಣ ಬಾರದಿದ್ದರೆ ಟಿವಿ ನಮ್ಮ ಪದ್ಧತಿಯಾದ ಪಾಲ್‌ನಲ್ಲಿ ಕೂತಿದೆ, ಮೆನುವಿನಲ್ಲಿ ಅಮೆರಿಕದ ಎನ್‌ಟಿಎಸ್‌ಸಿ ಅಥವಾ ಆಟೋ ಮಾಡಿ. ಬಟನ್ ಒತ್ತಿದ ಮೇಲೆ ಹೀರೊ ಯೋಚಿಸಿ ಹಾರಿದರೆ ಟಿವಿಯ ಗೇಮ್ ಮೋಡ್ ಹಾಕಿ. ಹಳೆಯ ಡಬ್ಬಾ ಟಿವಿಯಾದರೆ ಈ ತಡವೇ ಇಲ್ಲ, ಅಂಚಿನ ಒಂದಿಷ್ಟು ಚಿತ್ರವನ್ನು ಮಾತ್ರ ಅದು ತಿಂದುಹಾಕುತ್ತದೆ.

ಎಚ್‌ಡಿಎಂಐ ಬೇಕೆಂದರೆ ಪೆಟ್ಟಿಗೆ ಕೊಳ್ಳುವ ಮೊದಲೇ ತಿರುವಿ ನೋಡಿ. ಅಡಿಯ ಚೀಟಿಯಲ್ಲಿ ಡಿಓಎಲ್-001 ಎಂದಿದ್ದರೆ ಹಿಂದೆ ಡಿಜಿಟಲ್ ತೂತು ಇರುತ್ತದೆ, ಜಿಸಿವಿಡಿಯೋ ಎಂಬ ಹವ್ಯಾಸಿ ವಿನ್ಯಾಸ ಆಧರಿಸಿದ ಅಡಾಪ್ಟರ್ ಚುಚ್ಚಬಹುದು. 101 ಎಂದಿದ್ದರೆ ಕಂಪನಿಯೇ ಆ ತೂತನ್ನು ತೆಗೆದುಹಾಕಿದೆ, ಅಳಿಯನನ್ನು ಬೈದು ಪ್ರಯೋಜನವಿಲ್ಲ.

ಕಾರ್ಟ್ರಿಜ್ ಓದದಿದ್ದರೆ ಎಲ್ಲರೂ ಮಾಡುವ ಮೊದಲ ಕೆಲಸ ಬಾಯಿಂದ ಊದುವುದು. ಆ ಕ್ಷಣಕ್ಕೆ ಓಡಿದರೂ ಉಸಿರಿನ ತೇವ ಒಳಗೆ ಉಳಿದು ಪಿನ್ನುಗಳನ್ನು ಕೆಡಿಸುತ್ತದೆ, ಅದರ ಮೇಲೆ ನಮ್ಮ ಅದಿರಿನ ಕೆಂಪು ಧೂಳು ಸೇರಿದರೆ ಕುಂಕುಮದ ಕೆಸರು. ಹತ್ತಿ ಕಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿ, ಕಡ್ಡಿ ಕಪ್ಪಾಗುವುದು ನಿಲ್ಲುವವರೆಗೆ. ಆಟ ಸೇವ್ ಆಗುತ್ತಿರುವಾಗ ಕರೆಂಟ್ ಹೋದರೆ ಮಾತ್ರ ಯಾವ ಕಡ್ಡಿಯೂ ಕಾಯುವುದಿಲ್ಲ. ಇನ್ವರ್ಟರ್ ಬದಲಾಗುವ ಆ ಕಣ್ಣುಮಿಟುಕಿನಲ್ಲೂ ಪೆಟ್ಟಿಗೆ ಬಿದ್ದು ಏಳಬಹುದು. ಪೋಕೆಮಾನ್ ರೂಬಿ, ಸಫೈರ್ ಹಾಕಿದವರಿಗೆ ಬ್ಯಾಟರಿ ಮುಗಿದಿದೆ ಎಂಬ ಸಂದೇಶ ಬಂದರೆ ಎದೆ ಒಡೆದುಕೊಳ್ಳಬೇಡಿ, ನಿಂತದ್ದು ಒಳಗಿನ ಗಡಿಯಾರ ಅಷ್ಟೇ. ಸೇವ್ ಫ್ಲ್ಯಾಶ್ ಚಿಪ್ಪಿನಲ್ಲಿ ಕ್ಷೇಮವಾಗಿದೆ. ಹಳೆಯ ಗೇಮ್ ಬಾಯ್ ಕಾರ್ಟ್ರಿಜ್‌ಗಳಲ್ಲಿ ಹಾಗಲ್ಲ, ಬ್ಯಾಟರಿ ಹೋದರೆ ಊರು, ಮನೆ, ಆಸ್ತಿ ಎಲ್ಲ ಹೋದಂತೆ.

ಕೆಲವು ಆಟಗಳು ಟಿವಿಗೆ ಒಗ್ಗುವುದೇ ಇಲ್ಲ. ವಾರಿಯೋವೇರ್ ಟ್ವಿಸ್ಟೆಡ್ ಕಾರ್ಟ್ರಿಜ್‌ನಲ್ಲಿ ತಿರುವು ಅಳೆಯುವ ಸಂವೇದಕವಿದೆ, ಕೈಯಲ್ಲಿ ಹಿಡಿದ ಯಂತ್ರವನ್ನೇ ಓರೆ ಮಾಡಿ ಆಡಬೇಕು. ಇಲ್ಲಿ ಓರೆ ಮಾಡಬೇಕಾದದ್ದು ಪ್ಲೇಯರ್ ಸಮೇತ ಪೆಟ್ಟಿಗೆ, ಪಲ್ಲಕ್ಕಿ ಹೊತ್ತಂತೆ ಇಬ್ಬರು ಬೇಕು. ಇನ್ನೊಂದು 2003ರ ಬೊಕ್ತಾಯ್. ಅದರ ಕಾರ್ಟ್ರಿಜ್‌ನಲ್ಲಿ ಬಿಸಿಲು ಅಳೆಯುವ ಸಂವೇದಕವಿದೆ, ನಿಜವಾದ ಬಿಸಿಲು ಬಿದ್ದರೆ ಹೀರೊನ ಬಂದೂಕಿಗೆ ಬಲ. ಟ್ಯೂಬ್‌ಲೈಟಿಗೆ ಅದು ಮೋಸ ಹೋಗುವುದಿಲ್ಲ. ಬೇರೆ ದೇಶದವರು ಮೋಡ ಸರಿಯಲೆಂದು ಕಾಯಬೇಕು, ನಮಗೆ ಬಿಸಿಲಿನದೇನು ಬರ? ಬೇಕಾದಷ್ಟಿದೆ, ಆದರೆ ಅದು ಮಾಳಿಗೆಯ ಮೇಲಿದೆ, ಕಾರ್ಟ್ರಿಜ್ ಟಿವಿಯ ಕೆಳಗಿದೆ.

ಹಾಗಾಗಿ ಪೆಟ್ಟಿಗೆ, ಟ್ರಾನ್ಸ್‌ಫಾರ್ಮರ್, ಹತ್ತು ಮೀಟರ್ ಎಕ್ಸ್‌ಟೆನ್ಷನ್ ವೈರು, ಸಣ್ಣ ಟಿವಿ ಎಲ್ಲ ಮೇಲೆ ಹೋಗುತ್ತವೆ. ಪೆಟ್ಟಿಗೆಯ ಮೇಲೆ ಒದ್ದೆ ಬಟ್ಟೆ ಹೊದಿಸಬೇಡಿ, ಬದಿಯ ಗಾಳಿಕಿಂಡಿ ಮುಚ್ಚಬೇಡಿ. ಬಿಸಿಲಿಗೆ ಬರಬೇಕಾದದ್ದು ಮುಂದೆ ಚಾಚಿದ ಕಾರ್ಟ್ರಿಜ್‌ನ ತುದಿ ಮಾತ್ರ, ಉಳಿದದ್ದಕ್ಕೆ ಕೊಡೆ ಹಿಡಿಯಿರಿ. ಅತ್ತ ಅವ್ವ ಸೀರೆ ಹಾಸಿ ಸಂಡಿಗೆ ಒಣಹಾಕುತ್ತಿರುತ್ತಾಳೆ. ಪಕ್ಕದಲ್ಲಿ ಕೊಡೆಯಡಿ ಕೂತ ಡಬ್ಬಿಯನ್ನೂ, ಅದರ ಬಾಯಿಂದ ಹೊರಗಿಣುಕುವ ತುಂಡನ್ನೂ ಒಮ್ಮೆ ನೋಡುತ್ತಾಳೆ.

"ಹಂಗ ನೆಳ್ಳಾಗ ಇಟ್ರ ಒಣಗೂದಿಲ್ಲಪಾ, ಮುಗ್ಗ ಹಿಡೀತೈತಿ."