ಮುದ್ದೆ ಬಿಡುವ ಮೊದಲು ತಟ್ಟೆಯ ಉಳಿದ ಭಾಗವನ್ನು ನೋಡಿ

ನಮ್ಮ ತುಮಕೂರಿನಲ್ಲಿ ತೂಕ ಇಳಿಸುವ ಮಾತು ಬಂದ ಕೂಡಲೇ ಮೊದಲ ಆಪಾದನೆ ಬರುವುದು ಮುದ್ದೆಯ ಮೇಲೆ. ಅಮಾನಿಕೆರೆಯ ಬಳಿ ಬೆಳಗಿನ ನಡಿಗೆಗೆ ಬರುವವರಾಗಲಿ, ಮದುವೆ ಮನೆಯ ಊಟದ ಸಾಲಿನಲ್ಲಿ ಪಕ್ಕದ ಎಲೆಗೆ ಕುಳಿತವರಾಗಲಿ, "ನಾನೀಗ ಕಾರ್ಬ್ಸ್ ಬಿಟ್ಟಿದ್ದೀನಿ, ಮುದ್ದೆಯೂ ಇಲ್ಲ, ಅನ್ನವೂ ಇಲ್ಲ" ಎಂದು ಹೇಳುವುದನ್ನು ಈಚಿನ ವರ್ಷಗಳಲ್ಲಿ ಮೇಲಿಂದ ಮೇಲೆ ಕೇಳುತ್ತಿದ್ದೇನೆ. ಕಾರ್ಬ್ಸ್, ಅಂದರೆ ಕಾರ್ಬೋಹೈಡ್ರೇಟ್ ಎಂದು ಕರೆಯುವ ಪಿಷ್ಟ ಮತ್ತು ಸಕ್ಕರೆಯ ಪದಾರ್ಥಗಳನ್ನು ಕಡಿಮೆ ಮಾಡಿದರೆ ತೂಕ ಇಳಿಯುತ್ತದೆಯೇ ಎಂಬ ಪ್ರಶ್ನೆಗೆ, ನಮ್ಮ ಸೀಮೆಯ ಬಹುಪಾಲು ಮನೆಗಳ ಮಟ್ಟಿಗೆ ನನ್ನ ಉತ್ತರ 'ಹೌದು' ಎಂದೇ. ಸಂಪೂರ್ಣವಾಗಿ ಬಿಡಬೇಕೇ ಎಂದರೆ ಬೇಡ ಎನ್ನುತ್ತೇನೆ. ಆದರೆ ಯಾವುದನ್ನು ಕಡಿಮೆ ಮಾಡುತ್ತೇವೆ, ಆ ಜಾಗಕ್ಕೆ ಏನನ್ನು ತರುತ್ತೇವೆ ಎಂಬುದನ್ನು ಬಿಟ್ಟು ಈ ಚರ್ಚೆ ನಡೆಯುತ್ತಿರುವುದು ನನಗೆ ನಿಜವಾಗಿಯೂ ಆತಂಕ ತಂದಿದೆ. ಅದಕ್ಕಾಗಿಯೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಈ ಪದ್ಧತಿ ಹೊಸದೇನಲ್ಲ. ಲಂಡನ್ನಿನ ವಿಲಿಯಂ ಬ್ಯಾಂಟಿಂಗ್ ಎಂಬುವವರು ವೈದ್ಯರ ಸಲಹೆಯಂತೆ ಬ್ರೆಡ್ಡು, ಸಕ್ಕರೆ, ಆಲೂಗಡ್ಡೆ, ಬಿಯರ್ ಬಿಟ್ಟು ತೂಕ ಇಳಿಸಿಕೊಂಡು ಅದರ ಬಗ್ಗೆ ಪ್ರಕಟಿಸಿದ್ದು 1863ರಲ್ಲಿ. ಇಂದು ಕೀಟೋ ಎಂದು ಕರೆಯುವ ಆಹಾರಕ್ರಮವನ್ನು 1920ರ ದಶಕದಲ್ಲಿ ಅಮೆರಿಕದ ವೈದ್ಯರು ರೂಪಿಸಿದ್ದು ಮೂರ್ಛೆರೋಗದ ಚಿಕಿತ್ಸೆಗಾಗಿ; ತೂಕಕ್ಕೂ ಅದಕ್ಕೂ ಆಗ ಸಂಬಂಧವಿರಲಿಲ್ಲ. ಕೀಟೋದಲ್ಲಿ ದಿನಕ್ಕೆ ಸಾಮಾನ್ಯವಾಗಿ 50 ಗ್ರಾಂಗಿಂತ ಕಡಿಮೆ ಕಾರ್ಬೋಹೈಡ್ರೇಟ್ ಮಾತ್ರ ತಿನ್ನಬೇಕು. ನೂರು ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 67 ಗ್ರಾಂ ಇರುತ್ತದೆ. ಅಂದರೆ ಒಂದು ದೊಡ್ಡ ಮುದ್ದೆ ಉಂಡರೆ ಆ ದಿನದ ಲೆಕ್ಕ ಅಲ್ಲಿಗೇ ಮೀರಿತು.

ಮೊದಲ ವಾರದಲ್ಲೇ ಎರಡು ಕಿಲೋ ಇಳಿಯಿತು ಎಂದು ಸಂತೋಷಪಡುವವರಿಗೆ ಒಂದು ವಿಷಯ ಗೊತ್ತಿರಬೇಕು. ನಮ್ಮ ಯಕೃತ್ತು ಮತ್ತು ಸ್ನಾಯುಗಳಲ್ಲಿ ಗ್ಲೈಕೋಜನ್ ಎಂಬ ರೂಪದಲ್ಲಿ ಪಿಷ್ಟದ ಸಂಗ್ರಹವಿರುತ್ತದೆ; ವಯಸ್ಕರಲ್ಲಿ ಅದು ಸುಮಾರು ಅರ್ಧ ಕಿಲೋ ಇರಬಹುದು. ಪ್ರತಿ ಗ್ರಾಂ ಗ್ಲೈಕೋಜನ್ ತನ್ನೊಂದಿಗೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಅನ್ನ, ಮುದ್ದೆ, ಚಪಾತಿಯನ್ನು ಒಮ್ಮೆಲೇ ನಿಲ್ಲಿಸಿದಾಗ ಈ ಸಂಗ್ರಹ ಕರಗಿ ನೀರು ಮೂತ್ರದಲ್ಲಿ ಹೊರಟುಹೋಗುತ್ತದೆ, ತಕ್ಕಡಿಯ ಮುಳ್ಳು ಇಳಿಯುತ್ತದೆ. ಹೊಟ್ಟೆಯ ಕೊಬ್ಬು ಅಷ್ಟು ಬೇಗ ಕರಗಿರುವುದಿಲ್ಲ. ಹಬ್ಬಕ್ಕೆ ಎರಡು ದಿನ ಒಬ್ಬಟ್ಟು, ಚಿತ್ರಾನ್ನ ಉಂಡಾಗ ಅದೇ ಎರಡು ಕಿಲೋ ಮರಳಿ ಬರುತ್ತದೆ. ಆಗ ತಮ್ಮ ಮನೋಬಲವೇ ಸರಿಯಿಲ್ಲವೆಂದು ಕೊರಗುತ್ತಾ ಎಲ್ಲ ಪ್ರಯತ್ನವನ್ನೂ ಕೈಬಿಟ್ಟವರನ್ನು ನಾನು ಬಲ್ಲೆ. ಹೋಗಿದ್ದೂ ನೀರು, ಬಂದದ್ದೂ ನೀರು ಎಂದು ಯಾರಾದರೂ ಅವರಿಗೆ ಮೊದಲೇ ಹೇಳಿದ್ದರೆ ಒಳ್ಳೆಯದಿತ್ತು.

ವರ್ಷದ ಲೆಕ್ಕದಲ್ಲಿ ನೋಡಿದಾಗ ಚಿತ್ರ ಬೇರೆಯೇ ಆಗುತ್ತದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕ್ರಿಸ್ಟೋಫರ್ ಗಾರ್ಡ್ನರ್ ಅವರ ತಂಡ 609 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಕೊಬ್ಬು ಕಡಿಮೆ ಇರುವ ಆಹಾರವನ್ನೂ ಇನ್ನೊಂದಕ್ಕೆ ಕಾರ್ಬೋಹೈಡ್ರೇಟ್ ಕಡಿಮೆ ಇರುವ ಆಹಾರವನ್ನೂ ಸೂಚಿಸಿ ಒಂದು ವರ್ಷ ಗಮನಿಸಿತು. 2018ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಮೊದಲ ಗುಂಪು ಸರಾಸರಿ 5.3 ಕಿಲೋ, ಎರಡನೆಯದು 6 ಕಿಲೋ ಇಳಿದಿತ್ತು. ಈ ವ್ಯತ್ಯಾಸ ಲೆಕ್ಕಕ್ಕೆ ಹಿಡಿಯುವಷ್ಟು ದೊಡ್ಡದಲ್ಲ. ಎರಡೂ ಗುಂಪಿನವರಿಗೆ ಹೇಳಿದ್ದ ಸಮಾನ ಮಾತೆಂದರೆ ಸಕ್ಕರೆ ಮತ್ತು ಮೈದಾ ಬಿಡಿ, ತರಕಾರಿ ಹೆಚ್ಚು ತಿನ್ನಿ, ಆದಷ್ಟು ಮನೆಯಲ್ಲೇ ಅಡುಗೆ ಮಾಡಿಕೊಳ್ಳಿ ಎಂಬುದು. 2022ರಲ್ಲಿ ಕೊಕ್ರೇನ್ ಸಂಸ್ಥೆಯು ಇಂಥ 61 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದಾಗಲೂ ಕಾರ್ಬೋಹೈಡ್ರೇಟ್ ಕಡಿಮೆ ಇರುವ ಆಹಾರಕ್ಕೂ ಸಮತೋಲನದ ಆಹಾರಕ್ಕೂ ನಡುವೆ ಕಂಡ ಅಂತರ ಸುಮಾರು ಒಂದು ಕಿಲೋ ಮಾತ್ರ.

ಇದಕ್ಕಿಂತ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಬ್ರಿಟನ್ನಿನ 'ಡೈರೆಕ್ಟ್' ಎಂಬ ಪ್ರಯೋಗ. ಟೈಪ್ 2 ಮಧುಮೇಹವಿದ್ದ ದಪ್ಪನೆಯ ಜನರಿಗೆ ಕೆಲವು ತಿಂಗಳ ಕಾಲ ದಿನಕ್ಕೆ ಸುಮಾರು 825ರಿಂದ 853 ಕ್ಯಾಲರಿಯಷ್ಟೇ ಇರುವ ಪುಡಿಯ ಪಾನೀಯಗಳನ್ನು ವೈದ್ಯರ ನಿಗಾದಲ್ಲಿ ಕೊಟ್ಟು, ಆಮೇಲೆ ಮೆಲ್ಲಗೆ ಊಟಕ್ಕೆ ಮರಳಿಸಿದರು. ವರ್ಷದ ಕೊನೆಗೆ ಅವರಲ್ಲಿ ಶೇಕಡಾ 46 ಮಂದಿಗೆ ಮಾತ್ರೆಯಿಲ್ಲದೆಯೇ ಸಕ್ಕರೆ ಹತೋಟಿಗೆ ಬಂದಿತ್ತು. ಆ ಪುಡಿಯ ಶಕ್ತಿಯಲ್ಲಿ ಶೇಕಡಾ 60ರ ಹತ್ತಿರ ಬರುತ್ತಿದ್ದುದು ಕಾರ್ಬೋಹೈಡ್ರೇಟಿನಿಂದಲೇ. ಕಾರ್ಬೋಹೈಡ್ರೇಟ್ ದೇಹಕ್ಕೆ ಹೋದ ಕೂಡಲೇ ಇನ್ಸುಲಿನ್ ಏರಿ ಕೊಬ್ಬು ಕರಗುವುದೇ ನಿಂತುಬಿಡುತ್ತದೆ ಎಂದು ಯೂಟ್ಯೂಬಿನಲ್ಲಿ ಖಚಿತವಾಗಿ ಹೇಳುವವರು ಈ ಫಲಿತಾಂಶಕ್ಕೆ ಏನು ವಿವರಣೆ ಕೊಡುತ್ತಾರೆ? ಒಟ್ಟಾರೆ ತಿನ್ನುವುದು ಕಡಿಮೆಯಾದಾಗ ತೂಕ ಇಳಿಯುತ್ತದೆ. ಅನ್ನ, ಬ್ರೆಡ್ಡು, ಸಿಹಿ ಬಿಟ್ಟವರಿಗೆ ತೂಕ ಇಳಿಯುವುದೂ ಬಹುಮಟ್ಟಿಗೆ ಇದೇ ಕಾರಣಕ್ಕೆ: ತಿನ್ನಬಹುದಾದ ಪದಾರ್ಥಗಳ ಪಟ್ಟಿ ಚಿಕ್ಕದಾಗುತ್ತದೆ, ಮೊಟ್ಟೆ, ಕಾಳು, ಮಾಂಸ, ಮೊಸರಿನಿಂದ ಪ್ರೋಟೀನ್ ಹೆಚ್ಚಾಗಿ ಹೊಟ್ಟೆ ಬೇಗ ತುಂಬುತ್ತದೆ, ನಾಲ್ಕು ಗಂಟೆಗೆ ಕಾಫಿಯ ಜೊತೆ ಬಿಸ್ಕತ್ತು ತಾನಾಗಿ ತಪ್ಪುತ್ತದೆ. ಈ ಅನುಕೂಲ ದೊಡ್ಡದೇ. ಅದನ್ನು ನಾನು ಕಿರಿದು ಮಾಡಿ ನೋಡುವುದಿಲ್ಲ.

ಈಗ ನಮ್ಮ ಜಿಲ್ಲೆಯ ತಟ್ಟೆಗೆ ಬರೋಣ. ಮಧುಮೇಹದ ಬಗ್ಗೆ ದೇಶದಾದ್ಯಂತ ನಡೆದ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆಯ ಆಹಾರದ ಭಾಗವು 2025ರಲ್ಲಿ ಪ್ರಕಟವಾಗಿದ್ದು, ಭಾರತೀಯರು ದಿನಕ್ಕೆ ಪಡೆಯುವ ಶಕ್ತಿಯಲ್ಲಿ ಸರಾಸರಿ ಶೇಕಡಾ 62 ಕಾರ್ಬೋಹೈಡ್ರೇಟಿನಿಂದ ಬರುತ್ತದೆ, ಪ್ರೋಟೀನಿನಿಂದ ಬರುವುದು ಕೇವಲ ಶೇಕಡಾ 12 ಎಂದು ಅದು ಹೇಳುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2024ರ ಮಾರ್ಗಸೂಚಿಯಲ್ಲಿ ಧಾನ್ಯಗಳ ಪಾಲು ಶೇಕಡಾ 45 ಮೀರದಿರಲಿ ಎಂದಿದೆ. ಹೀಗಿರುವಾಗ ನಮಗೆ ಕಾರ್ಬೋಹೈಡ್ರೇಟ್ ಕಡಿಮೆ ಮಾಡಿಕೊಳ್ಳುವ ಅವಕಾಶ ಧಾರಾಳವಾಗಿದೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಅದೇ ಇಂಡಿಯಾಬ್ ವರದಿಯಲ್ಲಿ ರಾಗಿಯ ನಾಡಿನವರಾದ ನಾವು ಎರಡು ಸಲ ಓದಬೇಕಾದ ಒಂದು ಅಂಶವಿದೆ. ಒಟ್ಟು ಪ್ರಮಾಣವನ್ನು ಕಡಿಮೆ ಮಾಡದೆ, ಬಿಳಿ ಅಕ್ಕಿಯ ಬದಲಿಗೆ ಗೋಧಿ ಅಥವಾ ಸಿರಿಧಾನ್ಯದ ಹಿಟ್ಟನ್ನು ತಂದುಕೊಂಡ ಮಾತ್ರಕ್ಕೆ ಮಧುಮೇಹದ ಅಪಾಯವಾಗಲಿ ಹೊಟ್ಟೆಯ ಬೊಜ್ಜಾಗಲಿ ಕಡಿಮೆ ಇರುವುದು ಕಂಡುಬರಲಿಲ್ಲ. ಕಾರ್ಬೋಹೈಡ್ರೇಟಿನ ಒಂದು ಪಾಲನ್ನು ಕಾಳು-ಬೇಳೆ, ಹಾಲು-ಮೊಸರು, ಮೊಟ್ಟೆ, ಮೀನಿನ ಪ್ರೋಟೀನಿಗೆ ಬಿಟ್ಟುಕೊಟ್ಟಲ್ಲಿ ಮಧುಮೇಹದ ಅಪಾಯ ಕಡಿಮೆ ಇತ್ತು. ಇದು ಜನರನ್ನು ಒಂದೇ ಸಲ ನೋಡಿದ ಸಮೀಕ್ಷೆಯಾದ್ದರಿಂದ ಕಾರಣವನ್ನು ಪೂರ್ತಿ ಸಾಬೀತು ಮಾಡುವುದಿಲ್ಲ; ಆದರೂ ಅದು ತೋರುವ ದಿಕ್ಕು ಸ್ಪಷ್ಟವಾಗಿದೆ.

ಹಾಗಾದರೆ ಮುದ್ದೆ ಎಷ್ಟು ತಿಂದರೂ ಶುಗರ್ ಏರುವುದಿಲ್ಲ, ದಪ್ಪ ಆಗುವುದಿಲ್ಲ ಎಂಬ ನಮ್ಮ ಕಡೆಯ ನಂಬಿಕೆಯನ್ನು ಬಿಡಬೇಕಾಗುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲರಿ, ಅಷ್ಟೇ ಅಕ್ಕಿಯಲ್ಲಿ ಸುಮಾರು 355 ಕ್ಯಾಲರಿ. ಅಂತರ ಅಷ್ಟೇನೂ ದೊಡ್ಡದಲ್ಲ. ರಾಗಿಯ ನಿಜವಾದ ಹಿರಿಮೆ ಇರುವುದು ಬೇರೆ ಕಡೆ: ಸುಮಾರು 11 ಗ್ರಾಂ ನಾರಿನಂಶ, 360 ಮಿಲಿಗ್ರಾಂ ದಾಟುವ ಸುಣ್ಣದಂಶ. ಪಾಲಿಶ್ ಅಕ್ಕಿಯಲ್ಲಿ ನಾರು ಮೂರು ಗ್ರಾಂ ಕೂಡ ಇರುವುದಿಲ್ಲ. ಆದರೆ ಗಿರಣಿಯಲ್ಲಿ ನುಣ್ಣಗೆ ಬೀಸಿ, ಜರಡಿ ಹಿಡಿದು, ಚೆನ್ನಾಗಿ ಬೇಯಿಸಿದ ಹಿಟ್ಟು ಬೇಗ ಜೀರ್ಣವಾಗಿ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಒಂದು ಮುದ್ದೆಯ ಜಾಗದಲ್ಲಿ ಅರ್ಧ ಮುದ್ದೆ ಎಂಬುದು ಒಳ್ಳೆಯ ನಿರ್ಧಾರ. ಮುದ್ದೆಯನ್ನು ಮನೆಯಿಂದಲೇ ಓಡಿಸುವುದು ಬೇಕಿಲ್ಲ.

ಹಿಂದಿನವರು ದಿನಕ್ಕೆರಡು ಹೊತ್ತು ದೊಡ್ಡ ಮುದ್ದೆಯನ್ನೇ ಉಂಡು ಸಪೂರವಾಗಿದ್ದರಲ್ಲ ಎಂದು ಕೇಳುವವರಿದ್ದಾರೆ. ಪಾವಗಡ, ಶಿರಾ, ಮಧುಗಿರಿಯ ಹೊಲಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಕಳೆ ಕಿತ್ತು, ಕಡಲೆಕಾಯಿ ಬಿಡಿಸಿ, ನೀರು ಹೊತ್ತವರ ದೇಹ ಆ ಹಿಟ್ಟನ್ನೆಲ್ಲ ಉರಿಸಿಬಿಡುತ್ತಿತ್ತು. ಅದಲ್ಲದೆ ಆ ಮುದ್ದೆ ಒಂಟಿಯಾಗಿ ಬರುತ್ತಿರಲಿಲ್ಲ. ಬಸ್ಸಾರು ಮಾಡಿದ ದಿನ ಕಾಳನ್ನೂ ಸೊಪ್ಪನ್ನೂ ಬೇಯಿಸಿ, ಬಸಿದ ಕಟ್ಟಿನಲ್ಲಿ ಸಾರು, ಉಳಿದ ಕಾಳು-ಸೊಪ್ಪಿನಲ್ಲಿ ಪಲ್ಯ. ಒಂದೇ ಒಲೆಯ ಮೇಲೆ ಪಿಷ್ಟಕ್ಕೆ ಸರಿಯಾದ ಜೊತೆ ಸಿದ್ಧವಾಗುತ್ತಿತ್ತು. ಮೊಳಕೆ ಕಟ್ಟಿದ ಹುರುಳಿ, ಅವರೆ, ಅಲಸಂದೆ, ಬೆರಕೆ ಸೊಪ್ಪಿನ ಮಸ್ಸೊಪ್ಪು, ಇವೆಲ್ಲ ವಾರದಲ್ಲಿ ಸುತ್ತಿ ಬರುತ್ತಿದ್ದವು. ನೂರು ಗ್ರಾಂ ಒಣ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ, ರಾಗಿಗಿಂತ ಮೂರು ಪಟ್ಟು. ಇಂದು ನಮ್ಮ ಎಷ್ಟೋ ಮನೆಗಳಲ್ಲಿ ಮುದ್ದೆಯ ಜೊತೆ ಬರುವುದು ಟೊಮೆಟೊ ಹಣ್ಣಿನ ತಿಳಿಸಾರು. ಕಾಳು ಹುಡುಕಿದರೂ ಸಿಗುವುದಿಲ್ಲ. ಮುದ್ದೆಯಾದ ಮೇಲೆ ಅದೇ ಸಾರಿಗೆ ಎರಡು ಸೌಟು ಅನ್ನ. ಬೆಳಿಗ್ಗೆ ತಟ್ಟೆ ಇಡ್ಲಿ ಅಥವಾ ಚಿತ್ರಾನ್ನ, ಹನ್ನೊಂದು ಗಂಟೆಗೆ ಬೇಕರಿಯ ಬನ್ನು, ದಿನಕ್ಕೆ ನಾಲ್ಕಾರು ಬಾರಿ ಸಕ್ಕರೆ ಹಾಕಿದ ಟೀ. ಇಷ್ಟನ್ನೂ ಉಳಿಸಿಕೊಂಡು ಮಧ್ಯಾಹ್ನದ ಮುದ್ದೆಯೊಂದನ್ನು ಬಿಟ್ಟವರು ತೂಕ ಇಳಿಯಲಿಲ್ಲವೆಂದು ಬೇಸರಪಟ್ಟರೆ ಅದರಲ್ಲಿ ಆಶ್ಚರ್ಯವೇನಿದೆ?

ಬೇಕರಿಯ ತಿಂಡಿಯನ್ನು ಮೊದಲು ಬಿಡಿ ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಅವರು 20 ಜನರನ್ನು ಆಸ್ಪತ್ರೆಯಲ್ಲೇ ಇರಿಸಿಕೊಂಡು ಎರಡು ವಾರ ಕಾರ್ಖಾನೆಯಲ್ಲಿ ತಯಾರಾದ ಆಹಾರವನ್ನೂ ಎರಡು ವಾರ ಸಹಜ ಪದಾರ್ಥಗಳ ಅಡುಗೆಯನ್ನೂ ಬಡಿಸಿದರು. ಮುಂದಿಟ್ಟ ಎರಡೂ ಬಗೆಯ ಊಟದಲ್ಲಿ ಕ್ಯಾಲರಿ, ಸಕ್ಕರೆ, ಕೊಬ್ಬು, ನಾರಿನಂಶ ಸಮನಾಗಿಯೇ ಇದ್ದವು, ಬೇಕಾದಷ್ಟು ತಿನ್ನುವ ಸ್ವಾತಂತ್ರ್ಯವೂ ಇತ್ತು. ಕಾರ್ಖಾನೆಯ ಆಹಾರ ಸಿಕ್ಕಾಗ ಜನ ದಿನಕ್ಕೆ ಸುಮಾರು 500 ಕ್ಯಾಲರಿ ಹೆಚ್ಚು ತಿಂದರು. ಇದು 2019ರ ಮಾತು. ಅದೇ ತಂಡ 2021ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗದಲ್ಲಿ, ಶೇಕಡಾ 75ರಷ್ಟು ಕಾರ್ಬೋಹೈಡ್ರೇಟ್ ಇದ್ದ ಸಸ್ಯಾಹಾರವನ್ನು ಉಂಡವರು ಕೀಟೋ ಬಗೆಯ ಮಾಂಸಾಹಾರ ಉಂಡಾಗಿನದಕ್ಕಿಂತ ದಿನಕ್ಕೆ ಸುಮಾರು 690 ಕ್ಯಾಲರಿ ಕಡಿಮೆಯನ್ನೇ ತಿಂದರು. ನಾರು ತುಂಬಿದ ಕಾಳು, ತರಕಾರಿ, ಹಣ್ಣಿನಲ್ಲಿರುವ ಕಾರ್ಬೋಹೈಡ್ರೇಟನ್ನೂ ಕ್ರೀಮ್ ಬನ್ನಿನಲ್ಲಿರುವುದನ್ನೂ ಒಂದೇ ಹೆಸರಿನಿಂದ ಕರೆದು ಒಟ್ಟಿಗೆ ಬಿಡುವುದು ತಪ್ಪು ಎನ್ನಲು ಇಷ್ಟು ಸಾಕು.

ಇನ್ನೊಂದು ತಪ್ಪನ್ನೂ ನೋಡುತ್ತಿದ್ದೇನೆ. ಅನ್ನ ಬಿಟ್ಟವರು ಕೊಬ್ಬಿಗೆ ಮಿತಿಯಿಲ್ಲವೆಂದುಕೊಂಡು ಬಿಡುತ್ತಾರೆ. ನಮ್ಮದು ತಿಪಟೂರಿನ ಕೊಬ್ಬರಿಯ ಜಿಲ್ಲೆ, ಶಿರಾದ ಕಡಲೆಕಾಯಿಯ ಜಿಲ್ಲೆ. ಎರಡೂ ಕೈಗೆ ಸುಲಭವಾಗಿ ಸಿಗುತ್ತವೆ. ಒಳ್ಳೆಯ ಪದಾರ್ಥಗಳೇ ಆದರೂ ನೂರು ಗ್ರಾಂ ಕೊಬ್ಬರಿಯಲ್ಲಿ 600ಕ್ಕಿಂತ ಹೆಚ್ಚು, ಕಡಲೆಬೀಜದಲ್ಲಿ 500ಕ್ಕಿಂತ ಹೆಚ್ಚು ಕ್ಯಾಲರಿ ಇರುತ್ತದೆ. ಒಂದು ದೊಡ್ಡ ಚಮಚ ಎಣ್ಣೆಗೆ ಸುಮಾರು 120. ಟಿವಿ ನೋಡುತ್ತಾ ಎರಡು ಹಿಡಿ ಹುರಿದ ಕಡಲೆಬೀಜ ಮುಗಿಸಿದರೆ ಮುದ್ದೆಯಲ್ಲಿ ಉಳಿಸಿದ್ದೆಲ್ಲ ಅಲ್ಲಿಗೆ ಸರಿಹೋಯಿತು.

ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ನನ್ನದು ಕಳಕಳಿಯ ವಿನಂತಿ. ದಯವಿಟ್ಟು ನಿಮ್ಮ ವೈದ್ಯರಿಗೆ ತಿಳಿಸದೆ ಅನ್ನ-ಮುದ್ದೆಯನ್ನು ಹಠಾತ್ತನೆ ನಿಲ್ಲಿಸಬೇಡಿ. ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗಿ, ಊಟದಲ್ಲಿ ಪಿಷ್ಟವೇ ಇಲ್ಲವಾದರೆ ಸಕ್ಕರೆ ಅಪಾಯಕಾರಿ ಮಟ್ಟಕ್ಕೆ ಕುಸಿದು ಬೆವರು, ನಡುಕ, ಪ್ರಜ್ಞೆ ತಪ್ಪುವುದು ಆಗಬಹುದು. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆಯ ಜೊತೆ ಕೀಟೋ ಮಾಡಿದರೆ ರಕ್ತದಲ್ಲಿ ಆಮ್ಲೀಯ ಕೀಟೋನುಗಳು ಹೆಚ್ಚಿ ಆಸ್ಪತ್ರೆ ಸೇರುವ ಸ್ಥಿತಿ ಬರಬಹುದು, ಅದೂ ಮೀಟರಿನಲ್ಲಿ ಸಕ್ಕರೆ ಅಷ್ಟೇನೂ ಹೆಚ್ಚು ತೋರಿಸದೆ. ಕಾರ್ಬೋಹೈಡ್ರೇಟ್ ಕಡಿಮೆ ಮಾಡುವುದು ಮಧುಮೇಹಿಗಳಿಗೆ ಒಳ್ಳೆಯದೇ. ಮಾತ್ರೆಯ ಪ್ರಮಾಣವೂ ಜೊತೆಜೊತೆಗೇ ಬದಲಾಗಬೇಕು, ಅದನ್ನು ಮಾಡಬೇಕಾದವರು ವೈದ್ಯರು.

ಮನೆಯ ಅಡುಗೆಯ ಹೊಣೆ ಹೊತ್ತ ಹೆಂಗಸರ ಮಾತನ್ನೂ ಇಲ್ಲಿ ಹೇಳಬೇಕು. ಗಂಡನಿಗೆ ಕೀಟೋ, ಮಕ್ಕಳಿಗೆ ಚಪಾತಿ, ಅತ್ತೆ-ಮಾವನಿಗೆ ಮುದ್ದೆ ಎಂದು ಮೂರು ಬಗೆ ಮಾಡಿ ಕೊನೆಗೆ ಉಳಿದ ಅನ್ನವನ್ನೇ ತಾವು ಉಣ್ಣುವ ಅಕ್ಕಂದಿರು ನಮ್ಮ ಬೀದಿಯಲ್ಲೇ ಇದ್ದಾರೆ. ಎಲ್ಲರಿಗೂ ಒಂದೇ ಅಡುಗೆ ಸಾಧ್ಯವಿದೆ: ಸಾರಿಗೆ ಕಾಳನ್ನು ಎರಡು ಪಟ್ಟು ಹಾಕುವುದು, ತಟ್ಟೆಗೆ ಮೊದಲು ಪಲ್ಯ ಮತ್ತು ಕಾಳು ಬಡಿಸಿ ಆಮೇಲೆ ಚಿಕ್ಕ ಮುದ್ದೆ ಇಡುವುದು, ಮುದ್ದೆ ಉಂಡ ಹೊತ್ತು ಅನ್ನ ಬೇಡವೆನ್ನುವುದು, ಟೀಯಲ್ಲಿ ಸಕ್ಕರೆಯನ್ನು ವಾರವಾರವೂ ಇಳಿಸುತ್ತಾ ಹೋಗುವುದು, ಮೊಟ್ಟೆ ತಿನ್ನುವವರು ಒಂದು ಮೊಟ್ಟೆ, ತಿನ್ನದವರು ಒಂದು ಬಟ್ಟಲು ಗಟ್ಟಿ ಮೊಸರು ಸೇರಿಸಿಕೊಳ್ಳುವುದು. ಇದರಲ್ಲಿ ಆನ್‌ಲೈನಿನಲ್ಲಿ ತರಿಸಬೇಕಾದ ಬಾದಾಮಿ ಹಿಟ್ಟಾಗಲಿ, ಚೀಸ್ ಆಗಲಿ ಇಲ್ಲ.

ಕಟ್ಟುನಿಟ್ಟಾಗಿ ಕಾರ್ಬೋಹೈಡ್ರೇಟ್ ಬಿಟ್ಟು ತಿಂಗಳುಗಟ್ಟಲೆ ಚೆನ್ನಾಗಿರುವವರೂ ನಮ್ಮ ನಡುವೆ ಇದ್ದಾರೆ. ಅವರ ಪ್ರಯತ್ನದ ಮೇಲೆ ನನಗೆ ಗೌರವವಿದೆ, ಅದನ್ನು ಮುರಿಯಿರಿ ಎಂದು ನಾನು ಹೇಳುವುದಿಲ್ಲ. ತುಪ್ಪ, ಬೆಣ್ಣೆ, ಮಾಂಸ ಹೆಚ್ಚಾದಾಗ ಕೆಲವರಲ್ಲಿ ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟ್ರಾಲ್ ಬಹಳವಾಗಿ ಏರುತ್ತದೆ, ಆದ್ದರಿಂದ ಅಂಥವರು ಆಗಾಗ ರಕ್ತ ಪರೀಕ್ಷೆ ಮಾಡಿಸಿಕೊಳ್ಳಲಿ, ಊಟದಲ್ಲಿ ಸೊಪ್ಪು ತಪ್ಪಿಸದಿರಲಿ. ಬೆಳೆಯುವ ಮಕ್ಕಳ ಮೇಲೆ, ಬಸುರಿ-ಬಾಣಂತಿಯರ ಮೇಲೆ ಈ ಕಟ್ಟುನಿಟ್ಟಿನ ಊಟವನ್ನು ಹೇರದಿರಲಿ.